ಸದ್ದಿಲ್ಲದ ಬುತ್ತಿ

ಡೋಣಿ ದಂಡೆಯ ಎರೆಹೊಲಗಳಲ್ಲಿ, ಮಮದಾಪುರದ ಕೆರೆಯಂಗಳದಲ್ಲಿ, ತಿಕೋಟಾದ ದ್ರಾಕ್ಷಿ ಪಡಗಳ ಬದುವಿನಲ್ಲಿ ಇಡೀ ದಿನ ಸದ್ದಿಲ್ಲದೆ ಕೂರುವವರು ಈಗಲೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಸೀಮೆಯಲ್ಲಿ ಶಿಕಾರಿ ಅಪರಾಧವಾಯಿತು. ಕಾದು ಕೂರುವ ಕೆಲಸ ಮಾತ್ರ ಉಳಿಯಿತು. ಹಂದಿ ಕಾಯುವ ರೈತ ಕೂರುತ್ತಾನೆ, ಹಕ್ಕಿ ಓಡಿಸುವ ಹುಡುಗ ಕೂರುತ್ತಾನೆ, ಕ್ಯಾಮೆರಾ ಹಿಡಿದು ಶಹರದಿಂದ ಬಂದವರೂ ಕೂರುತ್ತಾರೆ. ಇಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಬಬಲೇಶ್ವರ ಕಡೆಯ ಹಿರಿಯ ರೈತರು. ಕಾಯ್ದೆಗೆ ಮುಂಚೆ ಅವರ ತಂದೆ ಶಿಕಾರಿ ಆಡಿದವರು. ಇನ್ನೊಬ್ಬ ವಿಜಯಪುರ ನಗರದ ತರುಣ, ರಜೆ ಸಿಕ್ಕಾಗಲೆಲ್ಲ ಚಿಗರಿ, ಹಕ್ಕಿಗಳ ಚಿತ್ರ ತೆಗೆಯುವವನು. ಅವರೆದುರಿನ ಪ್ರಶ್ನೆ ಇಷ್ಟೇ: ನಸುಕಿನಿಂದ ಹೊತ್ತು ಮುಳುಗುವತನಕ ಒಂದೇ ಕಡೆ ಕೂರುವವನ ಚೀಲದಲ್ಲಿ ತಿನ್ನಲು ಏನಿರಬೇಕು?

ತರುಣ: ಕಾಕಾ, ನಾಳೆ ನಸುಕಿನ್ಯಾಗ ಡೋಣಿ ದಂಡಿಗೆ ಹೋಗಿ ಕೂಡ್ತೀನಿ. ಸಂಜಿತನಕ ಏಳಂಗಿಲ್ಲ. ಚೀಲದಾಗ ಬಿಸ್ಕೀಟು, ಚಿಪ್ಸು, ಎರಡು ಎನರ್ಜಿ ಬಾರು, ಒಂದು ನೀರಿನ ಬಾಟ್ಲಿ ಇಟ್ಕೊಂಡೀನಿ. ಹಗುರ ಅದ, ಕೆಡಂಗಿಲ್ಲ. ಸಾಕಲ್ಲ?

ಹಿರಿಯರು: ಹೊಟ್ಟಿಗೆ ಸಾಕಾಗಬಹುದು. ಆ ಚಿಪ್ಸಿನ ಪಾಕೀಟು ಇಲ್ಲೇ ಒಮ್ಮೆ ಹರದು ನೋಡು.

ತರುಣ: ಸಪ್ಪಳ ಆಗ್ತದ, ಗೊತ್ತು. ಒಂದ್ಸಲ ಅಷ್ಟ.

ಹಿರಿಯರು: ಹರಿವಾಗ ಒಮ್ಮೆ, ಕೈ ಹಾಕೂವಾಗ ಹತ್ತು ಸಲ, ಬಾಯಾಗ ಇನ್ನೂ ಇಪ್ಪತ್ತು ಸಲ. ನಸುಕಿನ್ಯಾಗ ಎರಿ ಹೊಲದ ಮ್ಯಾಲೆ ಗಾಳಿ ನಿಂತಿರತೈತಿ, ಥಂಡಿ ಇರತೈತಿ. ಆವಾಗ ಸಣ್ಣ ಸಪ್ಪಳನೂ ಎರಡು ಹೊಲ ದಾಟತೈತಿ. ಗಿಡ ಇಲ್ಲ, ಗುಡ್ಡ ಇಲ್ಲ, ಅಡ್ಡ ಬರೂದು ಏನೂ ಇಲ್ಲ ಈ ಬಯಲಾಗ. ಆ ಬಾಟ್ಲಿನೂ ಹಂಗ. ಅರ್ಧ ಖಾಲಿ ಆದಮ್ಯಾಲೆ ಹಿಡಿದ್ರ ಸಾಕು, ಚಟ್ ಅಂತೈತಿ.

ತರುಣ: ಹಂಗಾದ್ರ ನಿಮ್ಮ ಖಡಕ್ ರೊಟ್ಟಿ? ಅದನ್ನ ಮುರದ್ರ ಚಿಪ್ಸಿಗಿಂತ ಜೋರ ಸಪ್ಪಳ ಆಗ್ತದ.

ಹಿರಿಯರು: ಖಡಕ್ ರೊಟ್ಟಿ ಶಿಕಾರಿಗೆ ಯಾರೂ ಒಯ್ಯತಿದ್ದಿಲ್ಲ. ಅದು ದಾರಿ ಬುತ್ತಿ. ಪಂಢರಪುರಕ್ಕ, ಶ್ರೀಶೈಲಕ್ಕ ನಡಕೊಂಡು ಹೋಗೂವರು ಕಟ್ಟಿಕೊಳ್ಳೂದು. ನೀರಿನ ಪಸಿ ಇರಂಗಿಲ್ಲ, ಅದಕ್ಕ ವಾರಗಟ್ಟಲೆ ಕೆಡಂಗಿಲ್ಲ. ಕೂಡಾಕ ಹೋಗೂವರಿಗೆ ಮೆತ್ತನ ರೊಟ್ಟಿ. ಬಿಸಿ ಇದ್ದಾಗ ಎಣ್ಣಿ ಸವರಿ, ಶೇಂಗಾ ಹಿಂಡಿ ಹಚ್ಚಿ, ಸುರುಳಿ ಸುತ್ತಿ ಹಸಿ ಅರಬಿಯಾಗ ಕಟ್ಟತಿದ್ರು. ಅದಲ್ಲದ ದಪಾಟಿ. ಜ್ವಾಳದ ಹಿಟ್ಟು, ಗೋದಿ ಹಿಟ್ಟು, ಕಡ್ಲಿ ಹಿಟ್ಟು ಕೂಡಿಸಿ, ಖಾರ ಅಜವಾನ ಹಾಕಿ ಬಡಿದದ್ದು, ಮರದಿನಾನೂ ಮೆತ್ತಗಿರತೈತಿ. ಜುಣಕದ ವಡಿ ಅಂತೂ ಬಾಯಾಗ ಇಟ್ರ ತಾನ ಕರಗತೈತಿ.

ತರುಣ: ಖಾರ ಅಂದ್ರಿ, ಅಲ್ಲೇ ಹಿಡಿದೆ ನೋಡ್ರಿ. ಹಿಂಡಿ ಪುಡಿ ಗಂಟಲಿಗೆ ಹೋಗಿ ಒಂದು ಕೆಮ್ಮು ಬಂದ್ರ? ಪಾಕೀಟಿನ ಸಪ್ಪಳಕ್ಕ ಚಿಗರಿ ತಲಿ ಎತ್ತೀತು, ಮನಷ್ಯಾನ ಕೆಮ್ಮಿಗೆ ಹಿಂಡೇ ಓಡ್ತದ.

ಹಿರಿಯರು: ಅದು ಖರೆ. ಒಣ ಹಿಂಡಿ ಕೆಟ್ಟದ್ದು. ಗುರೆಳ್ಳು, ಅಗಸಿ ಎಲ್ಲಾ ಒಣಾ ತಿಂದ್ರ ಗಂಟಲಾಗ ಕೂಡತೈತಿ. ಅದಕ್ಕ ಎಣ್ಣ್ಯಾಗ ಕಲಸಬೇಕು, ಖಾರ ಅರ್ಧ ಮಾಡಬೇಕು. ಶೇಂಗಾ ಹುರದ್ರ ಸಿಪ್ಪಿ ಪೂರಾ ತಿಕ್ಕಿ ತಗೀಬೇಕು. ಕೆಮ್ಮ ತರೂದು ಆ ಕೆಂಪ ಸಿಪ್ಪಿನ.

ತರುಣ: ಅಂದ್ರ ಬುತ್ತಿ ಅಂದ ಕೂಡಲೆ ಒಳ್ಳೇದು, ಪಾಕೀಟು ಅಂದ ಕೂಡಲೆ ಕೆಟ್ಟದ್ದು ಅಂತಲ್ಲ. ಯಾವುದು ಸದ್ದು ಮಾಡಂಗಿಲ್ಲ, ಯಾವುದು ಕೆಮ್ಮು ತರಂಗಿಲ್ಲ, ಅದನ್ನ ನೋಡಿ ಆರಿಸಬೇಕು. ಇನ್ನೊಂದು ಹೇಳ್ತೀನಿ. ಚಿಗರಿ ಬದುಕೋದು ಕಣ್ಣಿನ ಮ್ಯಾಲೆ. ಬಯಲಿನ ಪ್ರಾಣಿ, ದೂರದಿಂದನ ಅಲುಗಾಟ ಹಿಡೀತದ. ಹಂದಿಗೆ ಕಣ್ಣು ಮಂದ, ಮೂಗು ಬಲ. ತ್ವಾಳಕ್ಕ ಕಣ್ಣು, ಕಿವಿ, ಮೂಗು ಮೂರೂ ಬಲ. ನಿಮ್ಮ ಸುರುಳಿ ರೊಟ್ಟಿ ತಿನ್ನಲಿಕ್ಕೆ ಅರಬಿ ಬಿಚ್ಚಬೇಕು, ಎರಡೂ ಕೈ ಬೇಕು, ಕೈ ಬಾಯಿ ತನಕ ಹತ್ತು ಸಲ ಏರಬೇಕು. ಸದ್ದಿಲ್ಲ, ಖರೆ. ಚಿಗರಿಗೆ ಕಾಣಸ್ತದ.

ಹಿರಿಯರು: ಹಂಗಂತ ಏನು ತಿಂತಿ?

ತರುಣ: ಒಂದ ಕೈಲೆ, ಒಂದ ತುತ್ತಿನ್ಯಾಗ ಮುಗಿಯೋದು. ನಮ್ಮ ತಿಕೋಟಾದ ಒಣದ್ರಾಕ್ಷಿ ಇಲ್ಲೇನು? ಅಂಗಿ ಕಿಸೆದಾಗ ಅರಬಿ ಚೀಲ ಇಟ್ರ ಕೈ ಒಳಗ ಹೋಗಿ ಬರೋದು ಯಾರಿಗೂ ಕಾಣಂಗಿಲ್ಲ. ಮೆತ್ತಗ, ವಾಸನಿ ಇಲ್ಲ, ಬೀಜ ಇಲ್ಲ, ಉಗುಳೋದಿಲ್ಲ. ನಾಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಆಗ್ತದ. ಹೊಟ್ಟಿಗೆ ಬಲ ಕೊಡೋದೆಲ್ಲ ಅದರಾಗ ಉಳೀತದ, ಹೊರೋದು ಕಾಲುಭಾಗ ಅಷ್ಟ.

ಹಿರಿಯರು: ಆ ದ್ರಾಕ್ಷಿ ಹೆಂಗ ಒಣಗತೈತಿ ಅಂತ ನಾ ಶೆಡ್ಡಿನ್ಯಾಗ ನಿಂತು ನೋಡೀನಿ. ಎಪ್ರಿಲ್‌ನ್ಯಾಗ ಒಂದು ಚಾಟ್ನಿ, ಅಕ್ಟೋಬರ್‌ನ್ಯಾಗ ಒಂದು ಚಾಟ್ನಿ. ಫೆಬ್ರುವರಿ ಆದಮ್ಯಾಲೆ ಕೊಯ್ದು, ಪೊಟ್ಯಾಶಿಯಂ ಕಾರ್ಬೊನೇಟಿನ ನೀರಾಗ ಡಿಪ್ಪಿಂಗ್ ಆಯಿಲ್ ಹಾಕಿ ಅದ್ದತಾರ. ಕಾಯಿ ಮ್ಯಾಲಿನ ಮೇಣದ ಪದರ ಸಡಿಲ ಆಗಿ ನೀರು ಲಗೂನ ಹಾರತೈತಿ. ಆಮ್ಯಾಲೆ ಜಾಳಿಗಿ ಮ್ಯಾಲೆ ಹರವಿ ನೆರಳಾಗ ಎರಡು ಮೂರು ವಾರ. ಕಷ್ಟದ ಕೆಲಸ, ಒಂದು ಅಕಾಲದ ಮಳಿ ಬಂದ್ರ ವರ್ಷದ ದುಡಿಮಿ ಹೋತು. ಅದನ್ನ ನಾ ತಗದು ಹಾಕಂಗಿಲ್ಲ. ಆದ್ರ ಸಿಹಿ ಒಂದನ್ನ ತಿಂದುಕೋತ ಕೂತ್ರ ನೀರಡಿಕಿ ಹತ್ತತೈತಿ. ಡೋಣಿ ನೀರು ಉಪ್ಪು, ಕುಡ್ಯಾಕ ಬರಂಗಿಲ್ಲ. ಹೊತ್ತುಕೊಂಡು ಹೋದ ನೀರ ಗತಿ. ಮಧ್ಯಾನ್ಹದಾಗ ಅದು ಮುಗೀತು ಅಂದ್ರ ನೀ ಏಳಬೇಕು.

ತರುಣ: ಶೇಂಗಾಕ್ಕೂ ನೀರಡಿಕಿ ಆಗ್ತದ.

ಹಿರಿಯರು: ಉಪ್ಪು ಹಚ್ಚಿದ್ರ ಆಗತೈತಿ. ಹಂಗ ಹುರದದ್ದು, ಬೆಲ್ಲ ಕೂಡಿಸಿ ಕುಟ್ಟಿ ಮಾಡಿದ ಶೇಂಗಾ ಉಂಡಿ ತಾಳತೈತಿ. ಅದರಾಗ ಎಣ್ಣಿ ಐತಿ, ನಿಧಾನಕ್ಕ ಅರಗತೈತಿ.

ತರುಣ: ಅದು ಒಪ್ತೀನಿ. ನೂರು ಗ್ರಾಂ ಶೇಂಗಾದಾಗ ಸುಮಾರು 25 ಗ್ರಾಂ ಪ್ರೋಟೀನು, ಅರ್ಧದಷ್ಟು ಎಣ್ಣಿ ಅದ. ನನ್ನ ಎನರ್ಜಿ ಬಾರಿನ ಒಳಗಿರೋದೂ ಹೆಚ್ಚು ಕಡಿಮಿ ಅದ, ಬೆಲ್ಲ ಬಿಟ್ಟು ಬ್ಯಾರೆ ಸಿಹಿ ಇರ್ತದ ಅಷ್ಟ. ಆದ್ರ ಹಂದಿ ಕಾಯಲಿಕ್ಕೆ ಹೋಗೋರು ಶೇಂಗಾ ಒಯ್ಯಬಹುದೇನು? ಹಂದಿಗೆ ಶೇಂಗಾ ಅಂದ್ರ ಪ್ರಾಣ. ಹುರದ ಶೇಂಗಾದ ವಾಸನಿ ಗಾಳಿಗೆ ಬಿದ್ರ?

ಹಿರಿಯರು: ಅದಕ್ಕ ಮೊದಲು ಗಾಳಿ ನೋಡಬೇಕು. ಒಂದು ಚಿಟಿಕಿ ಮಣ್ಣು ಮ್ಯಾಲಿಂದ ಬಿಟ್ಟು, ಅದು ಎತ್ತಾಗ ಹಾರತೈತಿ ನೋಡಿ ಅದರ ಎದುರಿಗೆ ಕೂಡೂದು. ನಮ್ಮಪ್ಪಾರು ಉಳ್ಳಾಗಡ್ಡಿ ಮನ್ಯಾಗ ತಿಂದು ಹೋಗತಿದ್ರು, ಹೊಲದಾಗ ಮುಟ್ಟತಿದ್ದಿಲ್ಲ. ಬೀಡಿನೂ ಹಂಗ.

ತರುಣ: ಕೆನೆತ್ ಆ್ಯಂಡರ್ಸನ್ ಮಚಾನಿನ ಮ್ಯಾಲೆ ಚಹಾ, ಬಿಸ್ಕೀಟು ಇಟ್ಕೊಂಡ ಕೂಡ್ತಿದ್ದ. ತೇಜಸ್ವಿ ಕನ್ನಡಕ್ಕ ತಂದ ಕತಿಯೊಳಗ ಓದೀನಿ. ಅಂದಮ್ಯಾಲೆ ಬಿಸ್ಕೀಟಿಗೆ ಶಿಕಾರಿಯೊಳಗೂ ಹಳೇ ಜಾಗ ಅದ.

ಹಿರಿಯರು: ಅವ ಕೂತದ್ದು ಗಿಡದ ಮ್ಯಾಲೆ, ಕಾಡಾಗ. ನೀ ಕೂಡೂದು ನೆಲದ ಮ್ಯಾಲೆ, ಬಯಲಾಗ. ಜಾಗ ಬ್ಯಾರೆ ಆದ್ರ ಬುತ್ತಿನೂ ಬ್ಯಾರೆ.

ಇಲ್ಲಿತನಕ ಮಾತು ತಿನಿಸಿನ ಸುತ್ತಲೇ ಇತ್ತು. ತರುಣನ ಮನಸ್ಸಿನಲ್ಲಿ ಬಹಳ ಹೊತ್ತಿನಿಂದ ಇದ್ದ ಪ್ರಶ್ನೆ ಈಗ ಹೊರಬಂತು.

ತರುಣ: ಕಾಕಾ, ನೇರ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಎಲ್ಲಾ ಶ್ಯಾಣ್ಯಾತನ ಹುಟ್ಟಿದ್ದು ಕೊಲ್ಲಲಿಕ್ಕೆ. ಗಾಳಿ ನೋಡೋದು, ಮೆತ್ತನ ರೊಟ್ಟಿ ಒಯ್ಯೋದು, ಕೆಮ್ಮ ತಡಿಯೋದು, ಎಲ್ಲಾ ಆ ಚಿಗರಿ ಸಾಯಲಿ ಅಂತ. ಇವತ್ತ ಚಿಗರಿ ಕಾಯ್ದೆಯ ಮೊದಲನೇ ಅನುಸೂಚಿಯೊಳಗ ಅದ. ಕೊಂದ್ರ ಮೂರರಿಂದ ಏಳು ವರ್ಷ ಜೇಲು. ಆ ವಿದ್ಯಾ ನಾವು ಯಾಕ ಹೊತ್ತು ತಿರುಗಬೇಕು?

ಹಿರಿಯರು: ಸಿಟ್ಟೇನಿಲ್ಲ. ಕೊಂದದ್ದು ತಪ್ಪಲ್ಲ ಅಂತ ನಾ ವಾದ ಮಾಡಂಗಿಲ್ಲ. ಇದ ಬಯಲಾಗ ಚಿಗರಿ ಬೆನ್ನ ಹತ್ತೂ ಚೀತಾ ಇದ್ದವು, ಕೊಲ್ಲಾಪುರದ ರಾಜರು ಚೀತಾ ಸಾಕಿ ಚಿಗರಿ ಶಿಕಾರಿ ಆಡಸ್ತಿದ್ರು. 1952ರಾಗ ದೇಶದಾಗ ಚೀತಾನ ಇಲ್ಲ ಅಂತ ಸರಕಾರ ಸಾರಿತು. ಇನ್ನೊಂದು ಇಪ್ಪತ್ತು ವರ್ಷ ಹಂಗ ನಡೆದಿದ್ರ ಚಿಗರಿನೂ ಹೋಗತಿತ್ತು. ಕಾಯ್ದೆ ಬಂದದ್ದು ಬೇಷ ಆತು. ಆದ್ರ ಒಂದು ಕೇಳು. ಶಿಕಾರಿ ಅಂದ್ರ ಎಲ್ಲಾರಿಗೂ ಒಂದಾ? ನಮ್ಮಪ್ಪಗ ಅದು ಹವ್ಯಾಸ, ಹೊಲ ಇತ್ತು, ಮನ್ಯಾಗ ಜ್ವಾಳ ಇತ್ತು. ನಿಮ್ಮ ಶಹರದಾಗ ಹರಣಶಿಕಾರಿ ಜನ ಅದಾರ. ಅವರಿಗೆ ಅದು ಹೊಟ್ಟಿಪಾಡು. ಉರುಲು ಹಾಕಿ ಕಾಯೂದ ಅವರ ಬದುಕು.

ತರುಣ: ಅವರನ್ನ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಅಂತ ಬರದ್ರಲ್ಲ.

ಹಿರಿಯರು: ಬರದ್ರು. 1871ರಾಗ ಉತ್ತರದ ಕಡೆ ಹುಟ್ಟಿದ ಕಾಯ್ದೆ, ಆಮ್ಯಾಲೆ ಮುಂಬೈ ಪ್ರಾಂತ್ಯಕ್ಕೂ ಬಂತು. ಬಿಜಾಪುರದಾಗ ಸ್ಟಾರ್ಟ್ ಅನ್ನೂ ಅಧಿಕಾರಿ ಸೆಟ್ಲಮೆಂಟು ಮಾಡಿ ಇಟ್ಟ. ಹುಟ್ಟಿದ ಕೂಸಿಗೂ ಕಳ್ಳನ ಹೆಸರು. 1952ರಾಗ ಆ ಕಾಯ್ದೆ ಹೋತು, 1972ರಾಗ ಬ್ಯಾಟಿ ಹೋತು. ಚಿಗರಿ ಉಳಿಸಿದ್ದು ಬೇಷ, ಆದ್ರ ಅದರ ಬೆಲಿ ಕೊಟ್ಟವರು ಯಾರು? ಬಂದೂಕಿನ ಮಂದಿ ಬಂದೂಕು ಗೋಡಿಗೆ ತೂಗಹಾಕಿ ಸುಮ್ಮನಾದ್ರು. ಉರುಲಿನ ಮಂದಿಗೆ ಹೊಲ ಇಲ್ಲ, ಕೆಲಸ ಇಲ್ಲ. ಗಾಳಿ ಓದೂದು, ಹೆಜ್ಜಿ ಓದೂದು, ಹಸಿವು ತಡದು ಕೂಡೂದು ಅವರಷ್ಟು ಬಲ್ಲವರು ಇಲ್ಲ. ಆ ವಿದ್ಯಾ ಕೊಲ್ಲಾಕ ಹುಟ್ಟಿತು ಅಂತ ನೀ ಚೆಲ್ಲಿದ್ರ, ಅವರನ್ನ ಎರಡನೇ ಸಲ ಚೆಲ್ಲಿದಂಗ.

ತರುಣ: ಅದನ್ನ ನಾ ಹಂಗ ಯೋಚನಿ ಮಾಡಿದ್ದಿಲ್ಲ. ಅರಣ್ಯ ಇಲಾಖಿ ಹಕ್ಕಿ ಎಣಿಸೋವಾಗ, ತ್ವಾಳದ ಜಾಡ ಹಿಡಿಯೋವಾಗ ಅಂಥವರನ್ನ ಸಂಬಳ ಕೊಟ್ಟು ಕರೀಬೇಕು. ಆದ್ರೂ ನನ್ನ ಮಾತು ಬಿಡಂಗಿಲ್ಲ. ವಿದ್ಯಾ ಉಳಿಸೋದಂದ್ರ ಬ್ಯಾಟಿಯ ಹೆಮ್ಮಿ ಉಳಿಸೋದಲ್ಲ. ಶಿಕಾರಿ ಕತಿ ಕೇಳಿ ಕೇಳಿ ಇವತ್ತಿಗೂ ಮೊಲಕ್ಕ, ಕೌಜುಗಕ್ಕ ಬಲಿ ಹಾಕೋ ಹುಡುಗರು ಅದಾರ.

ಹಿರಿಯರು: ಅದಾರ. ಅವರಿಗೆ ನಾನೂ ಬೈತೀನಿ.

ತರುಣ: ಬ್ಯಾಟಿಯ ಹೆಮ್ಮಿ ಹಳೇದು. ನಮ್ಮ ಬಿಜಾಪುರದ ಸುಲ್ತಾನ ಇಬ್ರಾಹಿಂ ಆದಿಲಶಾಹ ಎರಡನೆಯವ ಕುದರಿ ಮ್ಯಾಲೆ ಕೂತು ಕೈಯಾಗ ಡೇಗಿ ಹಿಡಿದ ಚಿತ್ರ ಅದ, 1590ರ ಸುಮಾರಿಂದು. ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ್ಯಾಗ ಇಟ್ಟಾರ. ಬಂಗಾರದ ಅಂಗಿ, ಚಂದದ ಕುದರಿ, ಡೇಗಿ, ಎಲ್ಲಾ ಅದರಾಗ ಕಾಣಸ್ತದ. ಆ ದಿನ ಅವನ ಊಟ ಯಾರು ಕಟ್ಟಿದ್ರು, ಯಾರು ಹೊತ್ರು, ಅದು ಕಾಣಂಗಿಲ್ಲ. ನಿಮ್ಮ ಅಪ್ಪಾರ ಮೆತ್ತನ ರೊಟ್ಟಿ ಯಾರು ಬಡದ್ರು ಕಾಕಾ?

ಹಿರಿಯರು: ನಮ್ಮವ್ವ.

ತರುಣ: ಎಷ್ಟಕ್ಕ ಎದ್ದು?

ಹಿರಿಯರು: ಮೂರಕ್ಕ ಏಳತಿದ್ಲು. ಒಲಿ ಹಚ್ಚಬೇಕು, ಎಸರು ಕಾಯಬೇಕು, ಹಿಟ್ಟು ನಾದಬೇಕು.

ತರುಣ: ನನ್ನ ಅವ್ವ ದಿನಾ ನೌಕರಿಗೆ ಹೋಗ್ತಾಳ. ನನ್ನ ಹವ್ಯಾಸಕ್ಕ ಅಕಿನ್ನ ಮೂರಕ್ಕ ಎಬ್ಬಸ್ಲೇನು? ಪಾಕೀಟಿನ ಬಿಸ್ಕೀಟು ಸಪ್ಪಳ ಮಾಡ್ತದ, ಒಪ್ಪಿದೆ. ಆದ್ರ ಅದು ಯಾರ ನಿದ್ದೀನೂ ತಿನ್ನಂಗಿಲ್ಲ. ನೀವು ಬುತ್ತಿ ಬುತ್ತಿ ಅಂತ ಹೇಳೋವಾಗ ಅದರ ಹಿಂದ ಇರೋ ಒಂದು ಹೆಣ್ಣಿನ ನಿದ್ದಿ ಲೆಕ್ಕಕ್ಕ ಬಂದಿಲ್ಲ.

ಹಿರಿಯರು ತಕ್ಷಣ ಉತ್ತರಿಸಲಿಲ್ಲ. ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತಿತ್ತು ಎಂಬುದು ಉತ್ತರವಲ್ಲವೆಂದು ಅವರಿಗೂ ಗೊತ್ತಿತ್ತು.

ಹಿರಿಯರು: ಬಂದಿಲ್ಲ, ಖರೆ. ಶಹರದಾಗ ಈಗ ಹೆಣ್ಣಮಕ್ಕಳು ರೊಟ್ಟಿ ಬಡದು ಮಾರತಾರ. ಹಿಂದಿನ ಸಂಜಿಮುಂದ ಮೆತ್ತನ ರೊಟ್ಟಿ, ದಪಾಟಿ ತಂದಿಟ್ಕೋ. ಅವರಿಗೆ ದುಡ್ಡು ಆಗತೈತಿ, ನಿಮ್ಮವ್ವಗ ನಿದ್ದಿ ಆಗತೈತಿ.

ತರುಣ: ಅಲ್ಲಿ ಯಾರೋ ಬ್ಯಾರೆ ತಾಯಿ ಬೇಗ ಏಳ್ತಾಳ.

ಹಿರಿಯರು: ಏಳತಾಳ. ಆದ್ರ ಅಕಿ ದುಡಿಮಿಗೆ ರೇಟು ಐತಿ, ಅಕಿ ಬ್ಯಾಡ ಅನ್ನಬಹುದು. ನಮ್ಮವ್ವಗ ಎರಡೂ ಇದ್ದಿಲ್ಲ. ಇಲ್ಲಾ ನೀನ ಬಡ್ಯಾಕ ಕಲಿ. ಗಂಡಮಕ್ಕಳಿಗೆ ರೊಟ್ಟಿ ಬರಂಗಿಲ್ಲ ಅಂತ ಯಾವ ಕಾಯ್ದ್ಯಾಗ ಐತಿ?

ತರುಣ: ಕಲೀತೀನಿ. ಆದ್ರ ಕಲಿಯೋತನಕ ಒಣದ್ರಾಕ್ಷಿ, ಶೇಂಗಾ ಉಂಡಿ, ಬಾಳಿಹಣ್ಣು. ಒಲಿ ಬ್ಯಾಡ, ನಿದ್ದಿ ಕೆಡೋದಿಲ್ಲ.

ಹಿರಿಯರು: ಆತು. ಈಗ ನಾ ಒಂದು ಕೇಳತೀನಿ. ನೀವು ಕ್ಯಾಮೆರಾದವರು ಕೂಡತೀರೇನು ಖರೇನ? ಕಬ್ಬಕ್ಕಿ ಹಿಂಡು ಕಂಡ್ರ ಗಾಡಿ ಹೊಲದಾಗ ಹೊಕ್ಕತೈತಿ, ತೆನಿ ಹಿಡಿದ ಬಿಳಿಜ್ವಾಳ ತುಳೀತೈತಿ. ಚಿಗರಿ ಮರಿ ಹಾಕಿದ್ದು ಗೊತ್ತಾದ್ರ ನಾಕು ಮಂದಿಗೆ ಫೋನು ಹೋಗತೈತಿ. ಶಿಕಾರಿಯವ ಒಂದು ಗುಂಡಿಗೆ ಇಡೀ ದಿನ ಕೂಡತಿದ್ದ. ನೀವು ಸಾವಿರ ಫೋಟೋಕ್ಕ ಅದರ ಬೆನ್ನ ಹತ್ತತೀರಿ. ಪ್ರಾಣ ಹೋಗಂಗಿಲ್ಲ, ಒಪ್ಪತೀನಿ. ಅದಕ್ಕ ಮೇಯಾಕ, ನಿಲ್ಲಾಕ ಮಾತ್ರ ಬಿಡಂಗಿಲ್ಲ.

ತರುಣ: ಅಂಥವರು ಅದಾರ. ಅದಕ್ಕ ನಾ ಕೂಡೋದನ್ನ ಕಲಿಯಾಕತ್ತೀನಿ. ಆದ್ರ ಆ ಫೋಟೋನ ಇಲ್ಲಾಂದ್ರ ಇಲ್ಲಿ ಏನದ ಅಂತ ಯಾರಿಗೆ ಗೊತ್ತಾಗ್ತಿತ್ತು? ಗುಲಾಬಿ ಕಬ್ಬಕ್ಕಿ ಮಧ್ಯ ಏಶ್ಯಾದಿಂದ ಬಂದು ನಮ್ಮ ಜ್ವಾಳದ ಹೊಲದಾಗ ಥಂಡಿಗಾಲ ಕಳೀತಾವ, ಎಪ್ರಿಲ್‌ನ್ಯಾಗ ತಿರುಗಿ ಹೋಗ್ತಾವ. ಜ್ವಾಳ ತಿಂದು ಹೊಡೆಸಿಕೊಳ್ಳೋ ಹಕ್ಕಿನ ಮಿಡತಿನೂ ತಿಂತದ. ಅದನ್ನ ನಾ ತೋರಿಸಿದಮ್ಯಾಲೆ ನಮ್ಮ ಓಣಿ ಹುಡುಗರು ಕವಣಿ ಬಿಟ್ರು.

ಹಿರಿಯರು: ನಿಮ್ಮ ಓಣಿ ಹುಡುಗರಿಗೆ ಜ್ವಾಳದ ಹೊಲ ಇಲ್ಲ. ತಿಕೋಟಾದಾಗ ಸಾಲ ಮಾಡಿ ಪಡ ಹಚ್ಚಿದವಗ, ಮಾಗಿದ ದ್ರಾಕ್ಷಿ ಮ್ಯಾಲೆ ಹಿಂಡು ಇಳಿದಾಗ ಕವಣಿ ಬಿಡು ಅನ್ನಾಕ ಬರತೈತೇನು? ಹಂದಿ ರಾತ್ರಿ ಶೇಂಗಾ ಹೊಲ ಕೆದರಿ ಹೋದ್ರ ಅರ್ಜಿ ಹಾಕು, ಪರಿಹಾರ ಬರತೈತಿ ಅಂತೀರಿ. ಬರತೈತಿ. ಅದು ಬರೂತನ ಬಿತ್ತಿಗೆ ರೊಕ್ಕ ಎಲ್ಲಿಂದ?

ತರುಣ: ಅದಕ್ಕ ನನ್ನ ಕಡೆ ಉತ್ತರ ಇಲ್ಲ ಕಾಕಾ. ಪಡದ ಮ್ಯಾಲೆ ಬಲಿ ಹೊಚ್ಚಬಹುದು, ಖರ್ಚದ. ಕೊಲ್ಲೋದಂತೂ ಉತ್ತರ ಅಲ್ಲ.

ಹಿರಿಯರು: ನಾನೂ ಕೊಲ್ಲು ಅನ್ನಂಗಿಲ್ಲ. ಆದ್ರ ಹೊಲದವನ ಜೊತಿಗೆ ಒಂದು ರಾತ್ರಿ ಅಟ್ಟದ ಮ್ಯಾಲೆ ಕೂತು ಆಮ್ಯಾಲೆ ಮಾತಾಡು ಅಂತೀನಿ.

ತರುಣ: ಕೂಡ್ತೀನಿ. ಇನ್ನೊಂದು ಉಳೀತು. ಎಳ್ಳ ಅಮಾಸಿಗೆ ನಾವು ಹೊಲದಾಗ ಚರಗ ಚೆಲ್ತೀವಿ. ನೀವು ಕೂಡಲಿಕ್ಕೆ ಹೋದಾಗಲೂ ಮೊದಲ ತುತ್ತು ಭೂಮಿಗೆ ಇಡ್ತೀರಿ, ನಾ ನೋಡೀನಿ. ಅದು ಬಿಡ್ರಿ. ಅನ್ನದ ವಾಸನಿಗೆ ಬೀದಿನಾಯಿ ಬರ್ತಾವ, ಚಿಗರಿ ಮರಿ ಹಿಡೀತಾವ. ನಾ ಒಯ್ಯೋ ದ್ರಾಕ್ಷಿಯೊಳಗೂ ಅಪಾಯ ಅದ. ದ್ರಾಕ್ಷಿ ತಿಂದ್ರ ನಾಯಿಯ ಮೂತ್ರಪಿಂಡ ಕೆಡ್ತದ, ತ್ವಾಳನೂ ನಾಯಿ ಕುಲದ್ದ. ಒಂದು ಕಾಳೂ ಬೀಳಬಾರದು. ತಂದದ್ದು ಎಲ್ಲಾ ತಿರುಗಿ ಒಯ್ಯಬೇಕು.

ಹಿರಿಯರು: ಪಾಕೀಟು ತಿರುಗಿ ಒಯ್ಯಿ, ಸಿಪ್ಪಿ ತಿರುಗಿ ಒಯ್ಯಿ. ಭೂಮಿತಾಯಿ ತುತ್ತು ನಾ ಬಿಡಂಗಿಲ್ಲ. ಅಕಿ ಕೊಟ್ಟದ್ದ ಅಕಿಗೆ ಇಡೂದು. ಬೆರಳ ತುದಿಯಷ್ಟು ಇಡತೀನಿ, ಮ್ಯಾಲೆ ಮಣ್ಣು ಎಳೀತೀನಿ. ಅದಕ್ಕೂ ನಾಯಿ ಬರತೈತಿ ಅಂದ್ರ ಬರಲಿ.

ತರುಣ: ನಾ ಒಪ್ಪಂಗಿಲ್ಲ.

ಹಿರಿಯರು: ಒಪ್ಪಬ್ಯಾಡ. ನೀ ಕೂತ ಜಾಗದಾಗ ನಾ ಇಡಂಗಿಲ್ಲ, ನನ್ನ ಹೊಲದಾಗ ಇಡತೀನಿ.

ಇಷ್ಟಾದ ಮೇಲೆ ಇಬ್ಬರೂ ಕೂಡಿ ಚೀಲ ಬಿಚ್ಚಿ ಮತ್ತೆ ತುಂಬಿದರು. ಚಿಪ್ಸು ಹೊರಗೆ ಉಳಿಯಿತು. ಎನರ್ಜಿ ಬಾರುಗಳ ಹೊದಿಕೆ ಮನೆಯಲ್ಲೇ ಸುಲಿದು, ತುಂಡು ಮಾಡಿ, ಅರಬಿ ಚೀಲಕ್ಕೆ ಹಾಕಿದರು. ಜೊತೆಗೆ ಒಂದೇ ತುತ್ತಿಗೆ ಹಿಡಿಯುವ ಸಣ್ಣ ಶೇಂಗಾ ಉಂಡಿಗಳು, ಒಂದು ಹಿಡಿ ಒಣದ್ರಾಕ್ಷಿ, ಎರಡು ದಪಾಟಿ. ದಪಾಟಿಯನ್ನು ನಡುಮಧ್ಯಾಹ್ನ, ಬಿಸಿಲಿಗೆ ಪ್ರಾಣಿಗಳು ನೆರಳು ಹಿಡಿದು ಮಲಗಿದಾಗ ಮಾತ್ರ ಬಿಚ್ಚಬೇಕೆಂದು ಹಿರಿಯರು ತಾಕೀತು ಮಾಡಿದರು. ಸ್ಟೀಲಿನ ಡಬ್ಬಿಯ ಮುಚ್ಚಳ ಕಲ್ಲಿಗೆ ತಾಗಿದರೆ ಸಾಕು, ಸದ್ದಾಗುತ್ತದೆ ಎಂದು ಅದನ್ನೂ ಬಿಟ್ಟರು. ನೀರಿಗೆ ದಪ್ಪ ಗೋಡೆಯ ಬಾಟಲಿ, ಮೇಲೆ ಹಸಿ ಬಟ್ಟೆ.

ತರುಣ: ಈ ಚೀಲ ಹಿಡ್ಕೊಂಡು ಹಂದಿ ಕಾಯಲಿಕ್ಕೂ ಬರಬಹುದೇನು?

ಹಿರಿಯರು: ಶೇಂಗಾ ಉಂಡಿ ತಗದಿಟ್ಟು ಬಾ. ಮತ್ತ ಕ್ಯಾಮೆರಾ ಬಿಟ್ಟು ಬಾ.

ತರುಣ: ಕ್ಯಾಮೆರಾ ಯಾಕ ಬಿಡಬೇಕು? ಹಂದಿ ಎಷ್ಟು ಹೊಲ ಕೆದರ್ತದ ಅಂತ ಫೋಟೋ ತೋರಿಸಿದ್ರನ ನಿಮ್ಮ ಪರಿಹಾರದ ಅರ್ಜಿ ಲಗೂ ಮುಂದ ಹೋಗ್ತದ.

ಹಿರಿಯರು: ಆತು, ತಗೊಂಡು ಬಾ. ಆದ್ರ ಅವತ್ತು ನೀ ಫೋಟೋದವ ಅಂತ ಬರಬ್ಯಾಡ, ಹೊಲ ಕಾಯೂವ ಅಂತ ಬಾ. ಬೆಳತನಕ ಏಳಂಗಿಲ್ಲ.